ಬಿಲ್ಲಾದ ಗಿರಣಿ ಗೋಡೆ: ಮಾದರಿ ರೈಲಿನ ಒಂದು ಮಾಡ್ಯುಲರ್ ಕಿಟ್ ಪ್ರಕರಣ

ಹಿನ್ನೆಲೆ

ಹಳೇ ದಾವಣಗೆರೆಯ ಒಂದು ಮನೆಯ ಮಹಡಿ ಕೋಣೆ. ಮೇಲೆ ಶೀಟು. ಕೆಳಗೆ ಗೋಡೆಗುಂಟ 10 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಎಚ್‌ಒ ಅಳತೆಯ, ಅಂದರೆ 1:87 ಪ್ರಮಾಣದ ಮಾದರಿ ರೈಲು. ಮುಖ್ಯ ಹಳಿ ಒಂದು, ಗೂಡ್ಸ್ ನಿಲ್ಲಲು ಸೈಡಿಂಗ್ ಒಂದು. ಮಾಲೀಕರು ಬಟ್ಟೆ ಗಿರಣಿಯ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕೈಗೆ ಜೊತೆಯಾಗಿ ತಮ್ಮನ ಮಗ, ಡಿಪ್ಲೊಮಾ ಓದುತ್ತಿರುವವನು. ಈ ಬರಹದಲ್ಲಿ ಅವರು ಬರೀ ‘ಯಜಮಾನರು’ ಮತ್ತು ‘ಹುಡುಗ’. ಗುರುತು ಹತ್ತುವಂಥ ಸಂಗತಿಗಳನ್ನು ಬದಲಾಯಿಸಿದೆ, ಅಳತೆಗಳನ್ನು ಮುಟ್ಟಿಲ್ಲ.

ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಸೈಡಿಂಗ್ ಪಕ್ಕಕ್ಕೆ ಗಿರಣಿಯಲ್ಲದೆ ಬೇರೇನು ಕಟ್ಟುತ್ತಾರೆ? ಹಲಗೆಯ ಹಿಂಬದಿಯಲ್ಲಿ ಸಿಗುತ್ತಿದ್ದ ಜಾಗ 70 ಮಿ.ಮೀ. ಆಳ ಮಾತ್ರ. ಹಾಗಾಗಿ ಪೂರ್ತಿ ಕಟ್ಟಡದ ಬದಲು ಮುಂಗೋಡೆ, ಎರಡು ಗಿಡ್ಡ ಪಕ್ಕದ ಗೋಡೆ, ಮೇಲಿನ ಮಾಡು, ಇಷ್ಟನ್ನೇ ತೋರಿಸುವ ತೆಳು ಕಟ್ಟಡ ಮಾಡುವುದೆಂದಾಯಿತು. ಹಿನ್ನೆಲೆ ಕಟ್ಟಡಕ್ಕೆ ಇದು ಸರಿಯಾದ ದಾರಿಯೇ.

ಹಳಿಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಹೊರದೇಶದ 1435 ಮಿ.ಮೀ. ಹಳಿಯ ಪಡಿಯಚ್ಚು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಆಗಬೇಕು. ದಾವಣಗೆರೆಯಲ್ಲಿ ಹಿಂದೆ ಇದ್ದ ಮೀಟರ್‌ಗೇಜ್ ಆದರೆ 11.5. ಅಂದರೆ ಕೊಂಡುತಂದ ಹಳಿ ಅಂದಿನದಕ್ಕೂ ಸೇರದು, ಇಂದಿನದಕ್ಕೂ ಸೇರದು. ಯಜಮಾನರು ಅದನ್ನು ಹಾಗೆಯೇ ಒಪ್ಪಿಕೊಂಡರು. ಹಳಿಯಲ್ಲಿ ರಾಜಿಯಾದವರು ಕಟ್ಟಡದಲ್ಲಿ ಮಾತ್ರ ಆಗಲಿಲ್ಲ, ಈ ಪ್ರಕರಣ ಇಷ್ಟು ಉದ್ದವಾದದ್ದು ಅದಕ್ಕೇ.

ತರಿಸಿದ್ದು ಹೊರದೇಶದ ಮಾಡ್ಯುಲರ್ ಕಿಟ್. ಸ್ಟೈರೀನ್ ಪ್ಲಾಸ್ಟಿಕ್ಕಿನ, ಎರಡು ಅಂತಸ್ತಿನ, ಇಟ್ಟಿಗೆ ಗೆರೆ ಮೂಡಿಸಿದ 10 ಗೋಡೆ ಫಲಕಗಳು. ಒಂದೊಂದರ ಎತ್ತರ 92 ಮಿ.ಮೀ., ದಪ್ಪ 2.3, ಪೊಟ್ಟಣದ ಮೇಲೆ ಹೇಳಿದ ಅಗಲ 64. ಪ್ರತಿ ಫಲಕದ ಎಡಬಲಕ್ಕೆ ಅರ್ಧರ್ಧ ಗೋಡೆಗಂಬ. ಎರಡು ಫಲಕ ಸೇರಿದಲ್ಲಿ ಒಂದು ಪೂರ್ತಿ ಗೋಡೆಗಂಬ. ಬೇಕಾದಷ್ಟು ಉದ್ದಕ್ಕೆ ಸಾಲಾಗಿ ಅಂಟಿಸುತ್ತಾ ಹೋಗಬಹುದು ಎನ್ನುವುದೇ ಇಂಥ ಕಿಟ್ಟಿನ ಆಕರ್ಷಣೆ. ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಮುಂದೆ ಹೇಳುವ ತೊಂದರೆ ಇಂಜೆಕ್ಷನ್ ಅಚ್ಚಿನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುವ ಅಚ್ಚಿನಲ್ಲಿ, ತೆಗೆದ ಯಾವ ಫಲಕದಲ್ಲೂ ಬರಬಹುದು.

ತೊಂದರೆ

ಫೆಬ್ರುವರಿಯಲ್ಲಿ ಜೋಡಣೆ ಶುರು. 64 ಗುಣಿಸು 10, ಒಟ್ಟು 640 ಎಂದು ಲೆಕ್ಕ ಹಾಕಿ ಮಾಡಿನ ತಳಹಾಳೆಯನ್ನು 640 × 70 ಮಿ.ಮೀ.ಗೆ ಮೊದಲೇ ಕತ್ತರಿಸಿಟ್ಟರು. ಆಮೇಲೆ ಫಲಕಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಮುಂಭಾಗದಲ್ಲಿ ಸಂದು ಕಾಣದಂತೆ ಒಂದಕ್ಕೊಂದು ಒತ್ತಿ ಮಾಸ್ಕಿಂಗ್ ಟೇಪ್ ಹಾಕಿ, ಬೋರಲು ಮಾಡಿ ಹಿಂದಿನಿಂದ ತೆಳು ಸಾಲ್ವೆಂಟ್ ಅಂಟು (ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಕ) ಬಿಟ್ಟರು. ಎರಡು ದಿನ ಬಿಟ್ಟು ಟೇಪ್ ಕಿತ್ತು ಗೋಡೆ ಎತ್ತಿ ನಿಲ್ಲಿಸಿದಾಗ ಎರಡು ತುದಿ ಮುಂದೆ, ನಡು ಹಿಂದೆ. ತುದಿಯಿಂದ ತುದಿಗೆ ದಾರ ಹಿಡಿದು ಅಳೆದರೆ ನಡುವಿನಲ್ಲಿ 11 ಮಿ.ಮೀ. ಬಾಗು. ಉದ್ದ 640 ಅಲ್ಲ, 643.5.

ಹುಡುಗ ಶೀಟಿನ ಕಾವನ್ನು ದೂರಿದ, ಯಜಮಾನರು ಕಿಟ್ಟನ್ನು ದೂರಿದರು. ಎರಡೂ ಅಲ್ಲ.

ಅಚ್ಚಿನಿಂದ ಪ್ಲಾಸ್ಟಿಕ್ ತುಂಡು ಸಲೀಸಾಗಿ ಹೊರಬರಬೇಕಾದರೆ ಅದರ ಅಂಚುಗಳು ನೆಟ್ಟಗೆ 90 ಡಿಗ್ರಿ ಇರಬಾರದು, ಸ್ವಲ್ಪ ಓರೆ ಇರಬೇಕು. ಬೆಲ್ಲದಚ್ಚಿನ ಬಾಯಿ ತಳಕ್ಕಿಂತ ಅಗಲ ಇರುವುದು ಯಾಕೋ, ಇದೂ ಅದಕ್ಕೇ. ಈ ಫಲಕಗಳಲ್ಲಿ ಇಟ್ಟಿಗೆ ಮುಖ ಕೂದಲೆಳೆಯಷ್ಟು ಕಿರಿದು, ಬೆನ್ನು ಅಷ್ಟೇ ಅಗಲ. ಒಂದೊಂದು ಅಂಚಿನ ಓರೆ ಅರ್ಧ ಡಿಗ್ರಿಗೂ ಕಡಿಮೆ, ಸುಮಾರು 0.44. ಎರಡು ಅಂಚು ಕೂಡಿದ ಕಡೆ 0.88 ಡಿಗ್ರಿ. ಬೆನ್ನುಗಳು ತಾಗಿ ನಿಂತರೆ ಮುಖದ ಕಡೆ ಉಳಿಯುವ ಬಿರುಕು 0.035 ಮಿ.ಮೀ.; ಕಣ್ಣಿಗೆ ಬೀಳುವುದೂ ಕಷ್ಟ. ಆದರೆ ಅದನ್ನೇ ಟೇಪಿನಿಂದ ಎಳೆದು ಮುಚ್ಚಿದ್ದರಿಂದ ಪ್ರತಿ ಸಂದಿನಲ್ಲೂ ಗೋಡೆ 0.88 ಡಿಗ್ರಿ ತಿರುಗಿತು. ಒಂಬತ್ತು ಸಂದಿಗೆ ಸುಮಾರು 8 ಡಿಗ್ರಿ. 640 ಮಿ.ಮೀ. ಉದ್ದದಲ್ಲಿ 8 ಡಿಗ್ರಿ ತಿರುಗಿದರೆ ನಡುಬಾಗು 11 ಮಿ.ಮೀ., ದಾರದಲ್ಲಿ ಕಂಡಷ್ಟೇ.

ಉದ್ದದ ತಪ್ಪು ಇನ್ನೂ ಸರಳ. ಫಲಕವನ್ನು ಚೌಕಟ್ಟಿನಿಂದ ಕತ್ತರಿಸಿದಾಗ ಅಂಚಿನಲ್ಲಿ ಉಳಿದ ಗುಬಟು, ಅಚ್ಚಿನ ಸಂದಿನಲ್ಲಿ ಸೋರಿ ಗಟ್ಟಿಯಾದ ತೆಳು ಪೊರೆ, ಇವೆಲ್ಲ ಸೇರಿ ಕ್ಯಾಲಿಪರ್‌ನಲ್ಲಿ ಸರಾಸರಿ ಅಗಲ 64.35. ಹತ್ತು ಫಲಕಕ್ಕೆ ಮೂರೂವರೆ ಮಿ.ಮೀ. ಹೆಚ್ಚು. ಪೊಟ್ಟಣದ ಮೇಲಿನ ಅಳತೆ ನಂಬಿ ಮಾಡು ಕತ್ತರಿಸಿದ್ದು ಇಲ್ಲಿ ಕೈಕೊಟ್ಟಿತು.

ಮೊದಲು ಮಾಡಿ ನೋಡಿದ್ದು

ಭಾರ ಹೇರುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಎರಡು ಕಡಪ ಕಲ್ಲಿನ ನಡುವೆ ಗೋಡೆಯನ್ನು ಒಂದು ವಾರ ಇಟ್ಟರು. ಕಲ್ಲು ತೆಗೆದ ಕೂಡಲೇ ಮೊದಲಿನ ಹಾಗೇ ಬಾಗಿತು. ಫಲಕಗಳು ಸೊಟ್ಟಗಾಗಿರಲಿಲ್ಲ, ಒಂದೊಂದೂ ನೆಟ್ಟಗೇ ಇತ್ತು. ಬಾಗಿದ್ದು ಸಂದಿನ ಕೋನ. ಕೋನವನ್ನು ಕಲ್ಲು ಹೇರಿ ತಿದ್ದಲಾಗದು.

ಎರಡನೆಯದು ಕೆಲಸವನ್ನು ಇನ್ನಷ್ಟು ಕೆಡಿಸಿತು. ಹಿಂದಿನಿಂದ 1.5 ಮಿ.ಮೀ. ದಪ್ಪದ ಸ್ಟೈರೀನ್ ಹಾಳೆಯನ್ನು ಉದ್ದಕ್ಕೂ ಅಂಟಿಸಿ ಗೋಡೆಯನ್ನು ನೆಟ್ಟಗೆ ಹಿಡಿಸುವ ಯೋಚನೆ. ಅಷ್ಟು ದೊಡ್ಡ ಮೈಗೆ ಪುಟ್ಟ ಬಾಟಲಿಯ ಅಂಟು ಸಾಲದೆಂದು ಅಕ್ರಿಲಿಕ್ ಬೋರ್ಡ್ ಮಾಡುವವರು ಬಳಸುವ ಕ್ಲೋರೋಫಾರ್ಮ್ ತಂದು ಧಾರಾಳವಾಗಿ ಬಳಿದರು. ಕ್ಲೋರೋಫಾರ್ಮ್ ಸ್ಟೈರೀನನ್ನು ಕರಗಿಸಿಬಿಡುತ್ತದೆ. ಅದರ ಆವಿಯೂ ಒಳ್ಳೆಯದಲ್ಲ, ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಐದು ದಿನ ಗೋಡೆ ಸರಳುಕೋಲಿನ ಹಾಗೆ ನಿಂತಿತ್ತು. ಆಮೇಲೆ ಮೂರನೆಯ ಮತ್ತು ಏಳನೆಯ ಫಲಕದ ಹತ್ತಿರ ಅಲೆ ಎದ್ದಿತು. ಎರಡು ಹಾಳೆಯ ನಡುವೆ ಸಿಕ್ಕಿಕೊಂಡ ದ್ರಾವಕಕ್ಕೆ ಹೊರಹೋಗಲು ದಾರಿ ಇಲ್ಲ. ವಾರಗಟ್ಟಲೆ ಒಳಗೇ ಕೂತು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ನಿಧಾನಕ್ಕೆ ಹೊರಬಿದ್ದಂತೆ ಆ ಜಾಗ ಕುಗ್ಗುತ್ತದೆ. ಅಗಲವಾದ ಎರಡು ಹಾಳೆ ಅಂಟಿಸಲೇಬೇಕಾದರೆ ಒಳಹಾಳೆಯಲ್ಲಿ 25–30 ಮಿ.ಮೀ.ಗೊಂದರಂತೆ ತೂತು ಕೊರೆಯಬೇಕು, ಅಂಟನ್ನು ಅಂಚಿಗೆ ಮತ್ತು ಚುಕ್ಕಿಚುಕ್ಕಿಯಾಗಿ ಮಾತ್ರ ಕೊಡಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಅಷ್ಟು ಹೊತ್ತಿಗೆ ಮಾರ್ಚ್ ಮುಗಿಯುತ್ತಿತ್ತು, ಶೀಟಿನ ಕೆಳಗೆ ಮಧ್ಯಾಹ್ನ 40 ಡಿಗ್ರಿ ದಾಟುತ್ತಿತ್ತು. ಕಾವು ತಪ್ಪನ್ನು ಬೇಗ ಹೊರಹಾಕಿತು, ಅಷ್ಟೇ.

ಮೂರನೆಯದಾಗಿ ಮುಂಭಾಗದಲ್ಲಿ ಎದ್ದ ಬಿರುಕುಗಳಿಗೆ ಪುಟ್ಟಿ ತುಂಬಿ ಉಜ್ಜಿದರು. ಬಿರುಕಿನ ಜೊತೆ ಗೋಡೆಗಂಬದ ಇಟ್ಟಿಗೆ ಗೆರೆಯೂ ಹೋಯಿತು.

ದಾರದ ಮಾತು

ಏಪ್ರಿಲ್ ಮೊದಲ ವಾರ ಮನೆಗೆ ಗಾರೆ ರಿಪೇರಿಗೆ ಬಂದ ಮೇಸ್ತ್ರಿ ಮಹಡಿ ಹತ್ತಿದವರು ಈ ಗೋಡೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರು.

“ಯಜಮಾನ್ರೆ, ಇದನ್ನ ಇಟ್ಟಿಗೆಗೆ ಇಟ್ಟಿಗೆ ನೋಡಿ ಕಟ್ಟೀರಿ. ದಾರ ಕಟ್ಟಿ, ದಾರ ನೋಡಿ ಕಟ್ಟಬೇಕ್ರಿ.”

ಮಾತು ಸರಿ, ಆದರೆ ಅರ್ಧ ಸರಿ. ಮೇಸ್ತ್ರಿಗೆ ದಾರದ ಜೊತೆ ಇನ್ನೊಂದು ಅನುಕೂಲ ಇರುತ್ತದೆ, ಗಾರೆ. ಇಟ್ಟಿಗೆ ಎರಡು ಮಿ.ಮೀ. ಹೆಚ್ಚುಕಡಿಮೆ ಇದ್ದರೂ, ಮೂಲೆ ಸೊಟ್ಟಗಿದ್ದರೂ, ನಡುವಿನ 10 ಮಿ.ಮೀ. ಗಾರೆ ಅದನ್ನೆಲ್ಲ ನುಂಗಿಕೊಳ್ಳುತ್ತದೆ. ಪ್ಲಾಸ್ಟಿಕ್ ಫಲಕದ ನಡುವೆ ಗಾರೆ ಇಲ್ಲ. ಅಂಚಿಗೆ ಅಂಚು ನೇರ ತಾಗುತ್ತದೆ. ಆದ್ದರಿಂದ ಇಲ್ಲಿ ದಾರವೂ ಬೇಕು, ಮೊದಲು ಅಂಚನ್ನು ಮೂಲೆಮಟ್ಟಕ್ಕೆ ತರುವುದೂ ಬೇಕು. ಯಜಮಾನರು ಗಿರಣಿಯಲ್ಲಿ ಯಂತ್ರಗಳ ಜೋಡಣೆ ಮಾಡಿದವರು, ಈ ಉಳಿದರ್ಧ ಅವರಿಗೇ ಹೊಳೆಯಿತು. ಅಲ್ಲಿಗೆ ತೇಪೆ ಹಾಕುವ ಕೆಲಸ ನಿಂತಿತು.

“ಎಲ್ಲಾ ಬಿಚ್ಚಿದ್ರೆ ಒಂದೆರಡು ಹೋಗ್ತಾವೆ ದೊಡ್ಡಪ್ಪ,” ಅಂದ ಹುಡುಗ.

“ಹೋಗ್ಲಿ ಬಿಡು. ಗಿರಣಿ ಸಣ್ಣದಾದ್ರೆ ಯಾರು ಕೇಳ್ತಾರೆ?”

ಇಡೀ ಪ್ರಕರಣದ ದಿಕ್ಕು ಬದಲಾದದ್ದು ಈ ಒಪ್ಪಿಗೆಯಿಂದ. ಹತ್ತು ಫಲಕಗಳನ್ನೂ ಉಳಿಸಿಕೊಳ್ಳಬೇಕೆಂಬ ಹಟ ಇರುವವರೆಗೆ ಅವರು ಮಾಡಿದ್ದೆಲ್ಲ ಮುಚ್ಚಿಹಾಕುವ ಕೆಲಸವೇ ಆಗಿತ್ತು.

ಬಿಚ್ಚಿದ್ದು

ಹ್ಯಾಕ್ಸಾ ಬ್ಲೇಡು ಇಂಥ ಕೆಲಸಕ್ಕೆ ಒರಟು, ಸಂದಿಗೊಂದು ಮಿ.ಮೀ. ತಿಂದುಹಾಕುತ್ತದೆ. ಅಕ್ಕಸಾಲಿಗರು ಬಳಸುವ ಸಣ್ಣ ಗರಗಸದ 2/0 ಬ್ಲೇಡು ಕತ್ತರಿಸುವುದು ಸುಮಾರು ಕಾಲು ಮಿ.ಮೀ. ಮಾತ್ರ. ಆದರೆ ಅದು ನೇರವಾಗಿ ಹೋಗುವುದಿಲ್ಲ, ಎಲ್ಲಿ ಬೇಕಾದರೂ ತಿರುಗುತ್ತದೆ. ಅದಕ್ಕೇ ಸಂದಿನ ಎರಡೂ ಬದಿಗೆ ಅಲ್ಯೂಮಿನಿಯಂ ಆಂಗಲ್ ಕ್ಲ್ಯಾಂಪ್ ಮಾಡಿ, ನಡುವೆ ಬ್ಲೇಡ್ ಓಡುವಷ್ಟೇ ದಾರಿ ಬಿಟ್ಟರು. ಬ್ಲೇಡಿಗೆ ಒಣ ಸಾಬೂನು ಸವರಿ ನಿಧಾನಕ್ಕೆ ಎಳೆಯಬೇಕು. ಅವಸರಪಟ್ಟರೆ ತಿಕ್ಕಾಟದ ಬಿಸಿಗೆ ಸ್ಟೈರೀನ್ ಕರಗಿ, ಕತ್ತರಿಸಿದ ಜಾಗವೇ ಹಿಂದಿನಿಂದ ಮತ್ತೆ ಅಂಟಿಕೊಳ್ಳುತ್ತದೆ. ಮೊದಲ ಸಂದಿನಲ್ಲಿ ಹಾಗೇ ಆಯಿತು.

ಹಿಂದಿನ ಹಾಳೆಯನ್ನು ಅಗಲ ಬಾಯಿಯ ಉಳಿಯಿಂದ ಎಬ್ಬಿಸುವಾಗ ಎರಡು ಫಲಕ ಕಿಟಕಿಯ ಅಡ್ಡಪಟ್ಟಿಗಳಲ್ಲಿ ಮುರಿದವು. ಹುಡುಗ ಹೇಳಿದ ಲೆಕ್ಕ ತಪ್ಪಲಿಲ್ಲ. ಉಳಿದ ಎಂಟನ್ನು ಎರಡು ಗಾಜಿನ ನಡುವೆ, ಪ್ರತಿಯೊಂದರ ಮಧ್ಯೆ ಹತ್ತಿ ಬಟ್ಟೆ ಹಾಕಿ, ಹತ್ತು ದಿನ ಹಾಗೇ ಬಿಟ್ಟರು. ಬಟ್ಟೆ ಯಾಕೆಂದರೆ ಉಳಿದ ದ್ರಾವಕದ ಆವಿ ಹೊರಬರಲು ದಾರಿ ಬೇಕಲ್ಲ. ಈ ಹತ್ತು ದಿನದ ಕಾಯುವಿಕೆಯನ್ನು ಯಾರೂ ಬಿಡಬಾರದು. ಒಳಗೆ ದ್ರಾವಕ ಉಳಿದಿರುವಾಗ ಅಂಚು ಉಜ್ಜಿದರೆ ಆಮೇಲೆ ಅದು ಕುಗ್ಗಿ ಮತ್ತೆ ಅಳತೆ ತಪ್ಪುತ್ತದೆ.

ಅಂಚು, ಅಳತೆ, ಜೋಡಣೆ

6 ಮಿ.ಮೀ. ಗಾಜಿನ ಮೇಲೆ 240 ನಂಬರಿನ ವಾಟರ್ ಪೇಪರ್, ಅಂದರೆ ಉಜ್ಜುಕಾಗದ, ಅಂಟಿಸಿ, ಅದರ ಮೇಲೆ ಗಡುಸಾದ ಮರದ ಚೌಕ ತುಂಡು. ಫಲಕವನ್ನು ಆ ತುಂಡಿನ ಮಗ್ಗುಲಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಫಲಕ ತುಂಡು ಎರಡನ್ನೂ ಒಟ್ಟಿಗೆ ಹಿಡಿದು ಎಳೆಯಬೇಕು. ಎಂಟು ಎಳೆತಕ್ಕೊಮ್ಮೆ ಫಲಕವನ್ನು ಮುಂದುಹಿಂದು ತಿರುಗಿಸಬೇಕು, ಇಲ್ಲದಿದ್ದರೆ ಕೈಯ ಓರೆ ಅಂಚಿಗೆ ಇಳಿಯುತ್ತದೆ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ತೂರದಿದ್ದರೆ ಅಂಚು ಸರಿಯಾಯಿತು. ಕೊನೆಗೆ 400 ನಂಬರಿನಲ್ಲಿ ನಾಲ್ಕು ಎಳೆತ.

ಅಗಲಕ್ಕೆ ಕ್ಯಾಲಿಪರ್ ಬದಲು ಒಂದು ಗೇಜ್ ಮಾಡಿಕೊಂಡರು. ಹಲಗೆಗೆ ಎರಡು ಸ್ಟೀಲ್ ಪಿನ್ ಹೊಡೆದು ನಡುವೆ ಸರಿಯಾಗಿ 63.6 ಮಿ.ಮೀ. ಬಿಟ್ಟರು. ಫಲಕ ಪಿನ್ನುಗಳ ನಡುವೆ ಬಿಗಿಯಾಗಿ ಜಾರಿದರೆ ಉಜ್ಜುವುದು ನಿಲ್ಲಿಸಬೇಕು. 64.35ರಿಂದ 63.6ಕ್ಕೆ ಇಳಿಸಿದ್ದರಲ್ಲಿ ಗರಗಸ ತಿಂದದ್ದು ಸ್ವಲ್ಪ, ಉಜ್ಜಿದ್ದು ಉಳಿದದ್ದು. ಇದರಿಂದ ಜೋಡಿ ಗೋಡೆಗಂಬದ ಅಗಲ 6 ಮಿ.ಮೀ.ನಿಂದ ಸುಮಾರು 5.3ಕ್ಕೆ ಇಳಿಯಿತು. ನೋಡಿದವರು ಯಾರೂ ಇದನ್ನು ಗುರುತಿಸಿಲ್ಲ.

ಜೋಡಣೆಯೇ ನಿಜವಾದ ಬದಲಾವಣೆ. ಗಾಜಿನ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಎಡತುದಿಯ ಸೊನ್ನೆಯಿಂದ ನೇರವಾಗಿ 63.6, 127.2, 190.8, 254.4, 318.0, 381.6, 445.2, 508.8 ಎಂದು ಗುರುತು ಹಾಕಿದರು. ಪ್ರತಿ ಫಲಕ ತನ್ನ ಗುರುತಿಗೆ ಕೂರಬೇಕು, ಪಕ್ಕದ ಫಲಕಕ್ಕಲ್ಲ. ಒಂದು ಸಂದಿನಲ್ಲಿ ಅರ್ಧ ಕೂದಲು ಬಿರುಕು ಉಳಿದರೂ ತಪ್ಪು ಮುಂದಿನದಕ್ಕೆ ದಾಟುವುದಿಲ್ಲ. ಫಲಕಗಳನ್ನು ಬೋರಲಾಗಿಟ್ಟು ತಳಕ್ಕೆ ನೇರವಾದ ಅಲ್ಯೂಮಿನಿಯಂ ಚೌಕ ಪೈಪ್ ಆನಿಸಿ, ಮೊದಲು ಎರಡೆರಡು, ಮಾರನೇ ದಿನ ನಾಲ್ಕು ನಾಲ್ಕು, ಮೂರನೇ ದಿನ ಎಂಟೂ. ಅಂಟು ತೆಳು ಸಾಲ್ವೆಂಟೇ. ಸಣ್ಣ ಬ್ರಷ್ಷಿನ ತುದಿಯಲ್ಲಿ ಒಂದು ಹನಿ ಸಂದಿಗೆ ಮುಟ್ಟಿಸಿದರೆ ಅದೇ ಒಳಗೆ ಎಳೆದುಕೊಳ್ಳುತ್ತದೆ. 92 ಮಿ.ಮೀ. ಸಂದಿಗೆ ನಾಲ್ಕು ಹನಿ ಸಾಕು. ಏಪ್ರಿಲ್ ಮಧ್ಯಾಹ್ನ ಬ್ರಷ್ ಸಂದಿಗೆ ತಲುಪುವ ಮೊದಲೇ ಹನಿ ಆರಿಹೋಗುತ್ತಿತ್ತು, ಹಾಗಾಗಿ ಅಂಟಿನ ಕೆಲಸವೆಲ್ಲ ಬೆಳಿಗ್ಗೆ ಎಂಟರೊಳಗೆ.

ಆದ ಉದ್ದ 509.1 ಮಿ.ಮೀ., ಬಾಗು ಅರ್ಧ ಮಿ.ಮೀ.ಗಿಂತ ಕಡಿಮೆ. ಮಾಡಿನ ತಳಹಾಳೆಯನ್ನು ಈ ಸಲ ಗೋಡೆ ಅಳೆದ ಮೇಲೆಯೇ ಕತ್ತರಿಸಿದ್ದು.

ಬೆನ್ನುಮೂಳೆ

ಗೋಡೆಯನ್ನು ಹಾಗೇ ನೆಟ್ಟಗೆ ಉಳಿಸಲು ಹಿಂದೆ 12 ಮಿ.ಮೀ. ಅಲ್ಯೂಮಿನಿಯಂ ಚೌಕ ಪೈಪ್ ಕೊಡುವುದೆಂದಾಯಿತು. ಪಿ.ಬಿ. ರಸ್ತೆಯ ಒಂದು ಸೆಕ್ಷನ್ ಅಂಗಡಿಯಲ್ಲಿ ಕಿಟಕಿ ಕೆಲಸದಲ್ಲಿ ಮಿಕ್ಕ ತುಂಡೇ ಸಿಕ್ಕಿತು. ಇಲ್ಲಿ ಒಂದು ಬಲೆ ಇದೆ. ಉದ್ದಕ್ಕೂ ಎಪಾಕ್ಸಿ ಹಾಕಿ ಅಂಟಿಸಿದ್ದರೆ ಗೋಡೆ ಮತ್ತೆ ಬಿಲ್ಲಾಗುತ್ತಿತ್ತು.

ಬಿಸಿಗೆ ಸ್ಟೈರೀನ್ ಹಿಗ್ಗುವುದು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು. ಈ ಕೋಣೆಯಲ್ಲಿ ಡಿಸೆಂಬರ್ ನಸುಕಿಗೆ 17 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 42. ಈ 25 ಡಿಗ್ರಿಗೆ 509 ಮಿ.ಮೀ. ಸ್ಟೈರೀನ್ ಹಿಗ್ಗುವುದು ಸುಮಾರು 0.9 ಮಿ.ಮೀ., ಅಲ್ಯೂಮಿನಿಯಂ 0.3. ವ್ಯತ್ಯಾಸ 0.6. ಗಟ್ಟಿಯಾಗಿ ಹಿಡಿದ ಎರಡರಲ್ಲಿ ಒಂದು ಬೆಳೆದು ಇನ್ನೊಂದು ಬೆಳೆಯದಿದ್ದರೆ ಬಾಗದೆ ಬೇರೆ ದಾರಿ ಇಲ್ಲ. ಅದಕ್ಕೆ ಪೈಪನ್ನು ನಡುವಿನ 30 ಮಿ.ಮೀ.ನಲ್ಲಿ ಮಾತ್ರ ಎಪಾಕ್ಸಿಯಿಂದ ಕೂರಿಸಿದರು. ಉಳಿದ ಕಡೆ ಆರು ಜಾಗದಲ್ಲಿ ಸ್ಟೈರೀನ್ ಪಟ್ಟಿಯ ಕೊಕ್ಕೆ ಮಾಡಿ ಪೈಪ್ ಅದರೊಳಗೆ ಜಾರುವಂತೆ ಬಿಟ್ಟರು. ಗೋಡೆಯ ಎರಡೂ ತುದಿಗಳಿಗೆ ಹೀಗೆ ಒಂದೊಂದು ಕಡೆ 0.3 ಮಿ.ಮೀ. ಓಡಾಡುವ ಅವಕಾಶ ಸಿಕ್ಕಿತು.

ದಾವಣಗೆರೆಯ ಗಿರಣಿ ಆಗುವ ಹೊತ್ತು

ಕಿಟ್ಟಿನ ಗೋಡೆ ಮೂಲದಲ್ಲಿ ಅಮೆರಿಕದ ಕಾರ್ಖಾನೆ. ಅದನ್ನು ಈ ಊರಿಗೆ ತರುವಾಗ ಹೆಚ್ಚು ಫಲ ಕೊಟ್ಟದ್ದು ಮೂರು ವಸ್ತು: ಸಜ್ಜಾ, ಮಾಡು, ಸುಣ್ಣಬಣ್ಣ.

ನಮ್ಮ ಕಡೆ ಕಿಟಕಿಗೆ ಸಜ್ಜಾ ಇಲ್ಲದ ಕಟ್ಟಡ ಕಣ್ಣಿಗೆ ಒಪ್ಪುವುದಿಲ್ಲ. 450 ಮಿ.ಮೀ. ಮುಂಚಾಚು ಎಂದರೆ ಮಾದರಿಯಲ್ಲಿ 5.2. ಒಂದು ಮಿ.ಮೀ. ಸ್ಟೈರೀನ್ ಪಟ್ಟಿ ಕತ್ತರಿಸಿ, ತಳದ ಮುಂದಂಚಿನಲ್ಲಿ ನೀರು ತೊಟ್ಟಿಕ್ಕುವ ಗೆರೆಯನ್ನು ಚೂರಿತುದಿಯಿಂದ ಗೀರಿ, ಪ್ರತಿ ಕಿಟಕಿಯ ಮೇಲೆ ಒಂದು. ಸಂದುಗಳಲ್ಲಿ ಎರಡಕ್ಕೊಂದರಂತೆ 1.2 ಮಿ.ಮೀ. ಕಡ್ಡಿಯನ್ನು ಮಳೆನೀರಿನ ಪೈಪಾಗಿ ಇಳಿಬಿಟ್ಟರು. ನಿಜದಲ್ಲಿ 100 ಮಿ.ಮೀ. ಪೈಪಿಗೆ ಅದು ಸರಿಯಾದ ಪ್ರಮಾಣ. ಪುಟ್ಟಿಯಿಂದ ಇಟ್ಟಿಗೆ ಗೆರೆ ಅಳಿಸಿಹೋದ ಸಂದುಗಳೂ ಅದರ ಹಿಂದೆ ಮರೆಯಾದವು.

ಮಾಡಿನ ವಿಷಯದಲ್ಲಿ ಯಜಮಾನರ ಗಿರಣಿ ಅನುಭವ ಮಾತಾಡಿತು. ನೂಲುವ ಶೆಡ್ಡಿಗೆ ಗರಗಸದ ಹಲ್ಲಿನ ಮಾಡು. ಹಲ್ಲಿನ ಕಡಿದಾದ ಬದಿಗೆ ಗಾಜು, ಆ ಗಾಜು ಉತ್ತರಕ್ಕೇ ಮುಖ ಮಾಡಬೇಕು. ಬೆಳಕು ಬರಬೇಕು, ಬಿಸಿಲು ಬರಬಾರದು. ಮುಂಗೋಡೆಯ ಮೇಲೆ ಎಂಟು ಹಲ್ಲು ಸಾಲಾಗಿ ಕಾಣುವಂತಿದ್ದರೆ, ಗಾಜು ಎಡಕ್ಕಿದ್ದರೆ, ಎಡವೇ ಉತ್ತರ. ಅಂದರೆ ನೋಡುಗ ಪೂರ್ವಕ್ಕೆ ಮುಖ ಮಾಡಿದ್ದಾನೆ, ಮುಂಗೋಡೆ ಪಡುವಣಕ್ಕೆ ತೆರೆದಿದೆ. ಇದೊಂದು ತೀರ್ಮಾನವಾದ ಮೇಲೆ ಉಳಿದದ್ದು ತಾನಾಗಿ ಬಂತು: ಮುಂಗಾರಿನ ಇರಚಲು ಹೊಡೆಯುವ ಗೋಡೆ ಇದೇ, ಪಾಚಿಕಲೆ ಇಲ್ಲೇ ಹೆಚ್ಚು, ಬಣ್ಣ ಇಲ್ಲೇ ಬೇಗ ಮಾಸಬೇಕು. ಕಲೆಗಳನ್ನು ಕಂಡಕಂಡಲ್ಲಿ ಎರಚುವುದಕ್ಕಿಂತ ದಿಕ್ಕು ಮೊದಲು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು ಎನ್ನಲು ಇದಕ್ಕಿಂತ ಸರಿಯಾದ ನಿದರ್ಶನ ಸಿಕ್ಕಲಾರದು.

ಹಲ್ಲುಗಳ ಇಳಿಜಾರಿಗೆ ಸಿಮೆಂಟ್ ಶೀಟು. ಅದರ ಅಲೆಯಿಂದ ಅಲೆಗೆ ಅಂತರ 146 ಮಿ.ಮೀ., ಮಾದರಿಯಲ್ಲಿ 1.68. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ 1.6 ಮಿ.ಮೀ. ಫಿಲ್ಲರ್ ರಾಡುಗಳನ್ನು ಒತ್ತೊತ್ತಾಗಿ ಹಲಗೆಗೆ ಅಂಟಿಸಿದರೆ ಅದೇ ಅಚ್ಚು. ಪಾರ್ಸಲ್ ಊಟದ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ, ರಾಡಿನ ಮೇಲಿಟ್ಟು, ಐಸ್‌ಕ್ರೀಮ್ ಕಡ್ಡಿಯಿಂದ ರಾಡುಗಳ ನಡುವಿನ ತಗ್ಗುಗಳಿಗೆ ಒಂದೊಂದಾಗಿ ಒತ್ತಿದರೆ ಶೀಟು ತಯಾರು. ಗಾಜಿಗೆ ಓಎಚ್‌ಪಿ ಶೀಟಿನ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಚೌಕಟ್ಟಿನ ಗೆರೆ ಪ್ರಿಂಟ್ ಹಾಕಿಸಿದ್ದು.

ಬಣ್ಣದಲ್ಲಿ ಮೊದಲ ಸಲ ಪೆಟ್ಟು ತಿಂದರು. ಕಾರಿಗೆ ಹೊಡೆಯುವ ಸ್ಪ್ರೇ ಪ್ರೈಮರನ್ನು ಮಧ್ಯಾಹ್ನ ತಾರಸಿಯಲ್ಲಿ ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ ಗೋಡೆ ಮೇಲೆ ರವೆಯಂತೆ ಕೂತವು. ಹತ್ತಿರದಿಂದ ದಪ್ಪಗೆ ಹೊಡೆದರೆ ಅದರ ದ್ರಾವಕವೇ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬೆಳಿಗ್ಗೆ ಆರೂವರೆಗೆ, 25 ಸೆಂ.ಮೀ. ದೂರದಿಂದ, ತೆಳ್ಳಗೆ ಮೂರು ಸಲ ಹೊಡೆದಾಗ ಸರಿಹೋಯಿತು. ಮುರಿದ ಎರಡು ಫಲಕಗಳು ಇಲ್ಲಿ ಉಪಯೋಗಕ್ಕೆ ಬಂದವು; ಗೋಡೆಗೆ ಮುಟ್ಟಿಸುವ ಮುಂಚೆ ಪ್ರತಿ ಬಣ್ಣವನ್ನೂ ಅವುಗಳ ಮೇಲೆ ನೋಡಿದರು. ರವೆಯೆದ್ದದ್ದೂ ಅವುಗಳ ಮೇಲೇ.

ಕೆಳಗಿನ ಹತ್ತು ಮಿ.ಮೀ. ಬಿಟ್ಟು ಇಡೀ ಗೋಡೆಗೆ ಟಾಲ್ಕಂ ಪೌಡರ್ ಬೆರೆಸಿದ ಮ್ಯಾಟ್ ಅಕ್ರಿಲಿಕ್, ಮಾಸಲು ಹಳದಿ. ಪೌಡರು ಬೆರೆತದ್ದರಿಂದ ಗಾರೆ ಮೆತ್ತಿ ಸುಣ್ಣ ಬಳಿದ ಗೋಡೆಯ ಒರಟುತನ ಬಂತು. ಗಾರೆ ಉದುರಿದ ಕಡೆ ಎಂದು ನಾಲ್ಕು ಜಾಗದಲ್ಲಿ ಮಾತ್ರ ಇಟ್ಟಿಗೆ ಕಾಣಬಿಟ್ಟರು. ಅಲ್ಲಿ ಕೆಂಪು ಹಚ್ಚಿ, ಆರಿದ ಮೇಲೆ ನೀರಾದ ಬೂದುಬಿಳುಪು ಸವರಿ, ಬಟ್ಟೆಯನ್ನು ಓರೆಯಾಗಿ ಎಳೆದು ಒರೆಸಿದರೆ ಬಿಳುಪು ಗೆರೆಗಳಲ್ಲಿ ಮಾತ್ರ ಉಳಿಯುತ್ತದೆ. ಅಡ್ಡಡ್ಡ ಎಳೆದರೆ ಗೆರೆಯೊಳಗಿನದೂ ಬಂದುಬಿಡುತ್ತದೆ.

ದೂಳಿಗೆ ರಂಗೋಲಿ ಅಂಗಡಿಯ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದರು. ಮಸಿಗೆ ಮಂಡಕ್ಕಿ ಭಟ್ಟಿಯ ಹೊಗೆಮಸಿ ತಂದು ನೋಡಿದ್ದೂ ಆಯಿತು; ಅದು ಜಿಡ್ಡು, ಗಂಟುಗಂಟು, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಲಾಟೀನಿನ ಗಾಜಿನ ಒಣ ಮಸಿಯೇ ವಾಸಿ. ನೆಲದಿಂದ 4–6 ಮಿ.ಮೀ.ವರೆಗೆ, ಅಂದರೆ ನಿಜದ ಒಂದೂವರೆ ಅಡಿಯಷ್ಟು ಎತ್ತರಕ್ಕೆ, ಮಳೆಹನಿ ಸಿಡಿದ ಕೆಂಪು ಪಟ್ಟಿ. ಮೇಲೆ ವಾರ್ನಿಷ್ ಬಿದ್ದ ಕೂಡಲೇ ಪುಡಿಯ ಬಣ್ಣ ಅರ್ಧ ಮಾಯವಾಗುವುದರಿಂದ ಬೇಕಾದ್ದಕ್ಕಿಂತ ಹೆಚ್ಚೇ ಹಚ್ಚಬೇಕು.

ಬೋರ್ಡಿನ ಅಕ್ಷರದಲ್ಲಿ ಕನ್ನಡಕ್ಕೆ ಒಂದು ಎಚ್ಚರಿಕೆ. 300 ಮಿ.ಮೀ. ಎತ್ತರದ ಅಕ್ಷರ ಮಾದರಿಯಲ್ಲಿ 3.4 ಮಿ.ಮೀ.; ಅಷ್ಟು ದೊಡ್ಡದು ಲೇಸರ್ ಪ್ರಿಂಟಿನಲ್ಲಿ ಚೆನ್ನಾಗಿ ಬಂತು. ಗೇಟಿನ ಮೇಲಿನ ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ 1 ಮಿ.ಮೀ.ಗೆ ಇಳಿದಾಗ ಒತ್ತಕ್ಷರಗಳೆಲ್ಲ ಕರಿಚುಕ್ಕೆ. ಕೊನೆಗೆ ಒತ್ತಿಲ್ಲದ ಪದ ಹುಡುಕಿ ‘ತಡೆ’ ಎಂದು ಮಾತ್ರ ಹಾಕಿದರು.

ದೀಪ ಸುಲಭ. 12 ವೋಲ್ಟ್ ಡಿಸಿಗೆ ಮೂರು ಮೂರು ಬಿಳಿ ಎಲ್‌ಇಡಿಗಳ ಎರಡು ಸರಣಿ, ಒಂದೊಂದಕ್ಕೆ 680 ಓಮ್ ರೆಸಿಸ್ಟರ್. ಬರೀ ಪ್ಲಾಸ್ಟಿಕ್ ಗೋಡೆ ಬೆಳಕು ಬಿಟ್ಟುಕೊಂಡು ಲಾಟೀನಿನ ಹಾಗೆ ಹೊಳೆಯುತ್ತದೆ. ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಳಿಯಲೇಬೇಕು.

ಫಲ ಮತ್ತು ಉಳಿದದ್ದು

ಗಿರಣಿ ಎರಡು ಫಲಕದಷ್ಟು ಚಿಕ್ಕದಾಯಿತು. ಬಿಟ್ಟ 130 ಮಿ.ಮೀ. ಜಾಗದಲ್ಲಿ ಕಾಂಪೌಂಡ್ ಗೋಡೆ, ಗೇಟು, ಹತ್ತಿ ಬೇಲು ಇಳಿಸುವ ಕಟ್ಟೆ ಬಂದವು. ಸೈಡಿಂಗಿನಲ್ಲಿ ವ್ಯಾಗನ್ ನಿಲ್ಲಲು ಒಂದು ಕಾರಣ ಸಿಕ್ಕಿತು. ಹತ್ತು ಫಲಕ ಉದ್ದಕ್ಕೂ ನಿಂತಿದ್ದರೆ ಅದಕ್ಕೆ ಜಾಗವೇ ಇರುತ್ತಿರಲಿಲ್ಲ.

ಸರಿಹೋಗದ್ದೂ ಇದೆ. ಹೊಸ ಸಾಲಿನ ಐದನೇ ಫಲಕದ ಮೇಲಂತಸ್ತಿನಲ್ಲಿ ಕ್ಲೋರೋಫಾರ್ಮಿನ ಅಲೆ ಇನ್ನೂ ಉಳಿದಿದೆ, ಓರೆ ಬೆಳಕಿನಲ್ಲಿ ಕಾಣುತ್ತದೆ. ಕಿಟಕಿಗಳು ಮೂಲ ಕಿಟ್ಟಿನವೇ, ಮೇಲೆ ಕೆಳಗೆ ಸರಿಯುವ ಬಗೆಯವು; ಸರಳು ಹಾಕಿ ಮರೆಮಾಡಿದ್ದಾರೆ, ಬಲ್ಲವರಿಗೆ ಗೊತ್ತಾಗುತ್ತದೆ.

ಇಂಥ ಕಿಟ್ ಕೈಗೆ ತೆಗೆದುಕೊಳ್ಳುವವರು ಅಂಟಿನ ಬಾಟಲಿ ತೆರೆಯುವ ಮೊದಲು ಹತ್ತು ನಿಮಿಷದ ಪರೀಕ್ಷೆಯೊಂದನ್ನು ಮಾಡಬಹುದು. ಮೂರು ಫಲಕವನ್ನು ಮುಂಭಾಗ ಬಿಗಿಯಾಗುವಂತೆ ಟೇಪ್ ಹಾಕಿ ಗಾಜಿನ ಮೇಲೆ ಬೋರಲಾಗಿಡಿ. ನಡುವಿನ ಫಲಕದ ಕೆಳಗೆ ಬೆಳಕು ತೂರಿದರೆ ಅಂಚು ಓರೆ ಇದೆ ಎಂದೇ ಅರ್ಥ. ಇವರ ಫಲಕಗಳಲ್ಲಿ ಮೂರಕ್ಕೇ ಸುಮಾರು 1 ಮಿ.ಮೀ. ಎದ್ದು ನಿಲ್ಲುತ್ತಿತ್ತು. ಬಾಗು ಉದ್ದದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಹತ್ತಕ್ಕೆ ಅದೇ 11 ಆಗುತ್ತದೆ. ಮೂರು ನಾಲ್ಕು ಫಲಕದ ಸಣ್ಣ ಕಟ್ಟಡ ಕಟ್ಟುವವರಿಗೆ ಈ ತೊಂದರೆ ಗೊತ್ತೇ ಆಗದೆ ಹೋಗುವುದೂ, ಉದ್ದನೆಯ ಗಿರಣಿ ಕಟ್ಟುವವರು ಒಮ್ಮೆಲೇ ಸಿಕ್ಕಿಬೀಳುವುದೂ ಈ ಕಾರಣಕ್ಕೆ. ಬಾಗು ಕಂಡರೆ ಅಂಚು ಉಜ್ಜಿ, ಕಾಣದಿದ್ದರೆ ಗುಬಟು ಮಾತ್ರ ತೆಗೆದು ಮುಂದುವರಿಯಿರಿ; ಎಲ್ಲ ಕಿಟ್ಟಿಗೂ ಉಜ್ಜಬೇಕಾಗಿಲ್ಲ. ಆದರೆ ಎಡತುದಿಯ ಸೊನ್ನೆಯಿಂದ ಗುರುತು ಹಾಕಿ ಕೂರಿಸುವುದು ಎಲ್ಲಕ್ಕೂ ಬೇಕು.

ಡಿಸೆಂಬರಿನಲ್ಲಿ ಹುಡುಗ ಗೋಡೆಯ ಬಲತುದಿ ಎಲ್ಲಿ ನಿಂತಿದೆಯೋ ಅಲ್ಲಿ ಅಲ್ಯೂಮಿನಿಯಂ ಪೈಪಿನ ಮೇಲೆ 0.3 ಮಿ.ಮೀ. ಮೊನೆಯ ಡ್ರಾಯಿಂಗ್ ಪೆನ್ನಿನಿಂದ ಒಂದು ಗೆರೆ ಎಳೆದ. ಮರುವರ್ಷದ ಏಪ್ರಿಲ್ ಮಧ್ಯಾಹ್ನ ನೋಡಿದರೆ ಗೋಡೆ ಗೆರೆಯ ಮೇಲೆ ಬಂದು ಕೂತಿತ್ತು, ಗೆರೆ ಕಾಣಲಿಲ್ಲ. ಬೆಳಿಗ್ಗೆ ತಂಪಿಗೆ ಅದರ ಒಂದು ಅಂಚು ಮಾತ್ರ ಮತ್ತೆ ಹೊರಗೆ ಕಂಡಿತು. ದಾರ ಹಿಡಿದು ನೋಡಿದರು, ನಡು ಬಾಗಿರಲಿಲ್ಲ.